ಅಳತೆಯೂ ಅಪ್ರಮಾದವೂ: ಅವಧಿಪೂರ್ವ ಮರಿಗಳ ಶ್ವಾಸಕೋಶ ಪರೀಕ್ಷೆಯ ಚರಿತ್ರೆ

ಸಂಸಾರಿ ಜೀವನು ಧರಿಸುವ ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ಹೊಸ ಶರೀರವನ್ನು ಪಡೆದ ಜೀವನಿಗೆ ಹೇಳಿರುವ ಆರು ಪರ್ಯಾಪ್ತಿಗಳಲ್ಲಿಯೂ ಉಸಿರಾಟದ ಶಕ್ತಿಗೆ ಸ್ಥಾನವಿದೆ. ಶಾಸ್ತ್ರದ ಈ ಪರಿಭಾಷೆಯನ್ನು ಆಧುನಿಕ ಶರೀರವಿಜ್ಞಾನದೊಡನೆ ಬೆರೆಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ದಿನ ತುಂಬುವ ಮೊದಲೇ ಹುಟ್ಟಿದ ಶಿಶುವೊಂದು ಒಂದೊಂದು ಉಸಿರಿಗಾಗಿ ಪಕ್ಕೆಲುಬುಗಳನ್ನು ಒಳಸೆಳೆದುಕೊಳ್ಳುತ್ತ ಹೆಣಗುವುದನ್ನು ಕಂಡವರಿಗೆ, ಉಸಿರನ್ನು ಪ್ರಾಣವೆಂದು ಕರೆದ ಮಾತಿನ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಅಂತಹ ಶಿಶುಗಳಲ್ಲಿ ಅನೇಕವು ಇಂದು ಬದುಕುತ್ತಿವೆ. ಬದುಕಿಸುವ ವಿದ್ಯೆ ವೈದ್ಯರಿಗೆ ದೊರೆತದ್ದು ಬಹುಮಟ್ಟಿಗೆ ಕುರಿ, ಮೊಲ, ಇಲಿಗಳ ಅವಧಿಪೂರ್ವ ಅಥವಾ ನವಜಾತ ಮರಿಗಳಿಂದ. ಅವುಗಳ ಶ್ವಾಸಕೋಶವನ್ನು ತೆಗೆದು, ತೂಗಿ, ಸೀಳಿ, ಅಳೆದು ಪಡೆದ ಜ್ಞಾನವದು. ಅವೆಲ್ಲವೂ ನಮ್ಮಂತೆಯೇ ಪಂಚೇಂದ್ರಿಯ ಜೀವಗಳು. ಮಗುವಿನ ಬದುಕಿಗಾಗಿ ಸಂತೋಷಪಡುವ ಶ್ರಾವಕನು ಈ ಮರಿಗಳ ಸಾವಿಗೆ ಕಣ್ಣು ಮುಚ್ಚಿಕೊಳ್ಳಲಾರನು. ಮರಿಗಳಿಗಾಗಿ ಮರುಗುವವನು ಮಗುವನ್ನು ಮರೆಯಲಾರನು. ಆದುದರಿಂದ ಈ ಜ್ಞಾನವು ಹೇಗೆ ಬಂತು, ಎಷ್ಟು ಎಚ್ಚರದಿಂದ ಅಳೆಯಲ್ಪಟ್ಟಿತು, ಬಂದ ಮೇಲೆ ಅದಕ್ಕೆ ಏನಾಯಿತು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ನೊರೆಯಿಂದ ಆರಂಭ

ಶ್ವಾಸಕೋಶವು ಕೋಟ್ಯಂತರ ಸೂಕ್ಷ್ಮ ಗಾಳಿಗೂಡುಗಳ ಸಮೂಹ. ಒಂದೊಂದು ಗೂಡಿನ ಒಳಮೈಗೂ ತೆಳುವಾದ ನೀರಿನ ಲೇಪವಿರುತ್ತದೆ. ನೀರಿಗೆ ತನ್ನ ಮೇಲ್ಮೈಯನ್ನು ಕುಗ್ಗಿಸಿಕೊಳ್ಳುವ ಸ್ವಭಾವವಿರುವುದರಿಂದ, ಉಸಿರು ಹೊರಬಿಟ್ಟಾಗಲೆಲ್ಲ ಗೂಡುಗಳು ಕುಸಿದು ಅಂಟಿಕೊಳ್ಳಬೇಕು. ಹಾಗಾಗದೆ ಇರುವುದು ಹೇಗೆ? 1929ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿದ್ದ ಕುರ್ಟ್ ಫಾನ್ ನೇರ್ಗಾರ್ಡ್ ಎಂಬ ವೈದ್ಯವಿಜ್ಞಾನಿ ಹಂದಿಯ ಶ್ವಾಸಕೋಶಕ್ಕೆ ಒಮ್ಮೆ ಗಾಳಿಯನ್ನೂ ಒಮ್ಮೆ ದ್ರವವನ್ನೂ ತುಂಬಿ ಒತ್ತಡವನ್ನು ಅಳೆದನು. ದ್ರವ ತುಂಬಿದಾಗ ಶ್ವಾಸಕೋಶವು ಬಹು ಸುಲಭವಾಗಿ ಹಿಗ್ಗಿತು. ಹಾಗಾದರೆ ಹಿಗ್ಗುವುದಕ್ಕೆ ಅಡ್ಡಿಯಾಗುತ್ತಿದ್ದುದು ಬಹುಪಾಲು ಅಂಗಾಂಶದ ಬಿಗಿಯಲ್ಲ, ನೀರಿನ ಮೇಲ್ಮೈಯ ಎಳೆತ ಎಂದು ತಿಳಿಯಿತು. ನವಜಾತ ಶಿಶುವಿನ ಮೊದಲ ಉಸಿರಿಗೂ ಈ ಎಳೆತಕ್ಕೂ ಸಂಬಂಧವಿರಬಹುದೆಂದು ಆತನು ಆಗಲೇ ಸೂಚಿಸಿದ್ದನು. ಆ ಬರಹವನ್ನು ಕಾಲು ಶತಮಾನ ಕಾಲ ಬಹುತೇಕ ಯಾರೂ ತೆರೆದು ನೋಡಲಿಲ್ಲ.

1955ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ಯಾಟಲ್, ಶ್ವಾಸಕೋಶದಿಂದ ಬಂದ ನೊರೆಯ ಗುಳ್ಳೆಗಳು ಒಡೆಯದೆ ಬಹುಕಾಲ ನಿಲ್ಲುವುದನ್ನು ಗಮನಿಸಿ, ಅದರಲ್ಲಿ ಮೇಲ್ಮೈ ಎಳೆತವನ್ನು ತಗ್ಗಿಸುವ ವಸ್ತುವೊಂದು ಇರಲೇಬೇಕೆಂದು ಊಹಿಸಿದನು. 1957ರಲ್ಲಿ ಅಮೆರಿಕೆಯ ಜಾನ್ ಕ್ಲೆಮೆಂಟ್ಸ್ ಪ್ರಾಣಿಗಳ ಶ್ವಾಸಕೋಶದ ಸಾರವನ್ನು ತೆಗೆದು ಆ ಎಳೆತವನ್ನು ಅಂಕೆಗಳಲ್ಲಿ ಅಳೆದನು. ಈ ವಸ್ತುವಿಗೇ ಸರ್ಫ್ಯಾಕ್ಟಂಟ್ ಎಂದು ಹೆಸರಾಯಿತು. 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ಮಹಿಳಾ ವೈದ್ಯೆ ಜೆರೆ ಮೀಡ್ ಎಂಬ ವಿಜ್ಞಾನಿಯೊಡನೆ ಸೇರಿ, ಉಸಿರಾಟದ ತೊಂದರೆಯಿಂದ ಸತ್ತ ಅವಧಿಪೂರ್ವ ಶಿಶುಗಳ ಶ್ವಾಸಕೋಶದಲ್ಲಿ ಈ ವಸ್ತುವಿನ ಗುಣವೇ ಕಾಣದೆಂದು ತೋರಿಸಿದಳು. ರೋಗದ ಕಾರಣ ತಿಳಿಯಿತು. ಚಿಕಿತ್ಸೆ ಮಾತ್ರ ಇರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕೆಯ ಅಧ್ಯಕ್ಷ ಕೆನೆಡಿಯವರಿಗೆ ಜನಿಸಿದ ಪ್ಯಾಟ್ರಿಕ್ ಎಂಬ ಮಗ ಐದು ವಾರಗಳಿಗೂ ಹೆಚ್ಚು ಮುಂಚೆ ಹುಟ್ಟಿದ್ದರಿಂದ ಇದೇ ರೋಗಕ್ಕೆ ತುತ್ತಾಗಿ ಎರಡು ದಿನ ತುಂಬುವ ಮೊದಲೇ ತೀರಿಕೊಂಡನು. ಜಗತ್ತಿನ ಅತ್ಯಂತ ಬಲಶಾಲಿಯೆನಿಸಿದ ತಂದೆಗೂ ಮಗನ ಒಂದು ಉಸಿರನ್ನು ಕೊಡಲಾಗಲಿಲ್ಲ.

ಆಕ್ಲೆಂಡಿನ ಕುರಿಮರಿ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಪ್ರಸೂತಿತಜ್ಞನಿದ್ದನು. ಹೆರಿಗೆಯನ್ನು ಆರಂಭಿಸುವ ಸೂಚನೆ ತಾಯಿಯಿಂದ ಬರುತ್ತದೆಯೋ ಗರ್ಭದೊಳಗಿನ ಮರಿಯಿಂದಲೋ ಎಂಬುದು ಅವನ ಪ್ರಶ್ನೆ. ಗಬ್ಬದ ಕುರಿಗಳಿಗೆ ಶಸ್ತ್ರಕ್ರಿಯೆ ನಡೆಸಿ, ಒಳಗಿನ ಮರಿಗೆ ಸೂಕ್ಷ್ಮ ನಳಿಕೆಯ ಮೂಲಕ ಸ್ಟೆರಾಯ್ಡ್ ಜಾತಿಯ ಔಷಧವನ್ನು ಹರಿಸಿದಾಗ ಕುರಿಗಳು ಅವಧಿಗೆ ಮೊದಲೇ ಈದವು. ಕುರಿಯ ಗರ್ಭಾವಧಿ ಸುಮಾರು 147 ದಿನ. ಈ ಮರಿಗಳು 120 ದಿನಗಳ ಆಸುಪಾಸಿನಲ್ಲಿ ಹುಟ್ಟಿದವು. ಆ ವಯಸ್ಸಿನ ಮರಿಯ ಶ್ವಾಸಕೋಶದೊಳಕ್ಕೆ ಗಾಳಿ ಹೋಗುವಂತಿಲ್ಲ, ಹುಟ್ಟಿದೊಡನೆ ಸಾಯಬೇಕು. ಆದರೆ ಒಂದು ಬೆಳಗ್ಗೆ ಲಿಗಿನ್ಸ್ ಬಂದು ನೋಡಿದಾಗ, ಸತ್ತಿರಬೇಕಾಗಿದ್ದ ಮರಿಯೊಂದು ಇನ್ನೂ ಉಸಿರಾಡುತ್ತಿತ್ತು. ಅದು ತೀರಿಕೊಂಡ ಮೇಲೆ ಶ್ವಾಸಕೋಶವನ್ನು ತೆಗೆದು ನೋಡಿದರೆ ಅದರ ಒಂದು ಭಾಗದಲ್ಲಿ ಗಾಳಿ ತುಂಬಿತ್ತು. ಔಷಧವು ಶ್ವಾಸಕೋಶವನ್ನು ಕಾಲಕ್ಕೆ ಮುಂಚೆ ಮಾಗಿಸಿದೆಯೆಂಬ ಊಹೆಯನ್ನು ಆತನು 1969ರ ಲೇಖನದಲ್ಲಿ ಮಂಡಿಸಿದನು.

ಒಂದು ಮರಿಯ ಉಸಿರು ಪ್ರಮಾಣವಾಗದು. 1970ರಲ್ಲಿ ಏವರಿಯವರ ಬಳಗವು ಅವಳಿ ಕುರಿಮರಿಗಳಲ್ಲಿ ಒಂದಕ್ಕೆ ಔಷಧವನ್ನು ಕೊಟ್ಟು ಇನ್ನೊಂದಕ್ಕೆ ಕೊಡದೆ ಎರಡರ ಶ್ವಾಸಕೋಶಗಳನ್ನೂ ಹೋಲಿಸಿ ನೋಡಿತು. ಔಷಧ ಪಡೆದ ಮರಿಯಲ್ಲಿ ಸರ್ಫ್ಯಾಕ್ಟಂಟ್ ಬೇಗ ಕಾಣಿಸಿಕೊಂಡಿತ್ತು. ಒಂದೇ ಗರ್ಭದ ಅವಳಿಗಳನ್ನು ಹೋಲಿಸಿದ್ದರಿಂದ ತಾಯಿಯ ಆರೋಗ್ಯ, ಆಹಾರ, ಗರ್ಭದ ದಿನಗಳೆಂಬ ವ್ಯತ್ಯಾಸಗಳು ತಾವಾಗಿ ಅಳಿಸಿಹೋದವು.

ಲಿಗಿನ್ಸನು ರಾಸ್ ಹೋವಿ ಎಂಬ ಮಕ್ಕಳ ವೈದ್ಯನೊಡನೆ ಸೇರಿ 1969ರ ಕೊನೆಯಲ್ಲಿಯೇ ತಾಯಂದಿರಲ್ಲಿ ಪರೀಕ್ಷೆಯನ್ನು ಆರಂಭಿಸಿದ್ದನು. ಅವಧಿಪೂರ್ವ ಹೆರಿಗೆಯ ಸಂಭವವಿದ್ದ 282 ತಾಯಂದಿರಲ್ಲಿ ಕೆಲವರಿಗೆ ಬೀಟಾಮೆಥಸೋನ್ ಎಂಬ ಸ್ಟೆರಾಯ್ಡ್ ಚುಚ್ಚುಮದ್ದನ್ನು ಕೊಡಲಾಯಿತು. 1972ರಲ್ಲಿ ಫಲಿತಾಂಶ ಪ್ರಕಟವಾಯಿತು. ತಾನಾಗಿ ಹೆರಿಗೆ ಆರಂಭವಾಗಿದ್ದ ತಾಯಂದಿರ ಮಕ್ಕಳಲ್ಲಿ ಉಸಿರಾಟದ ರೋಗವು ಔಷಧವಿಲ್ಲದ ಗುಂಪಿನಲ್ಲಿ ಶೇಕಡಾ 25.8ರಷ್ಟಿದ್ದರೆ, ಔಷಧ ಪಡೆದ ಗುಂಪಿನಲ್ಲಿ ಶೇಕಡಾ 9ರಷ್ಟಿತ್ತು. ಹುಟ್ಟಿದ ಮೊದಲ ದಿನಗಳಲ್ಲಿನ ಸಾವು ಶೇಕಡಾ 15ರಿಂದ 3.2ಕ್ಕೆ ಇಳಿದಿತ್ತು.

ಎಣಿಕೆಯ ಶಾಸ್ತ್ರ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶ್ವಾಸಕೋಶ ಮಾಗಿದೆಯೆಂದು ಹೇಳುವುದು ಯಾವ ಆಧಾರದ ಮೇಲೆ? ಸೂಕ್ಷ್ಮದರ್ಶಕದಲ್ಲಿ ನೋಡಿದವನು ಚೆನ್ನಾಗಿ ಬೆಳೆದಿದೆ ಎಂದರೆ ಅದು ಅಭಿಪ್ರಾಯವೇ ಹೊರತು ಅಳತೆಯಲ್ಲ. ಅಭಿಪ್ರಾಯಕ್ಕಾಗಿ ಜೀವವನ್ನು ತೆಗೆಯುವುದು ಯಾವ ನ್ಯಾಯದಿಂದಲೂ ಸಲ್ಲದು.

ಅಳತೆಯ ಮೂಲವು ಆಶ್ಚರ್ಯವೆನಿಸುವಂತೆ ಕಲ್ಲಿನಲ್ಲಿದೆ. 1847ರಲ್ಲಿ ದೆಲೆಸ್ ಎಂಬ ಫ್ರೆಂಚ್ ಭೂವಿಜ್ಞಾನಿಯು, ಬಂಡೆಯನ್ನು ಕತ್ತರಿಸಿದ ಮುಖದ ಮೇಲೆ ಒಂದು ಖನಿಜವು ಎಷ್ಟು ಜಾಗವನ್ನು ಆಕ್ರಮಿಸಿದೆಯೋ, ಸರಾಸರಿಯಲ್ಲಿ ಇಡೀ ಬಂಡೆಯ ಗಾತ್ರದಲ್ಲಿಯೂ ಅದರ ಪಾಲು ಅಷ್ಟೇ ಇರುತ್ತದೆಂದು ತೋರಿಸಿದನು. ಈ ತತ್ತ್ವವನ್ನು ಶ್ವಾಸಕೋಶಕ್ಕೆ ಅಳವಡಿಸಿದವರಲ್ಲಿ ಪ್ರಮುಖನು ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್. ನ್ಯೂಯಾರ್ಕಿನಲ್ಲಿ ಡೊಮಿಂಗೊ ಗೊಮೆಜ್ ಎಂಬ ವಿಜ್ಞಾನಿಯ ಜೊತೆಗೂಡಿ ಆತನು ಮನುಷ್ಯನ ಶ್ವಾಸಕೋಶದಲ್ಲಿ ಸುಮಾರು 30 ಕೋಟಿ ಗಾಳಿಗೂಡುಗಳಿವೆಯೆಂದು ಲೆಕ್ಕ ಹಾಕಿದನು. 1963ರಲ್ಲಿ ಅವನ ಗ್ರಂಥ ಹೊರಬಂತು. ಇನ್ನೂ ಸೂಕ್ಷ್ಮವಾದ ವಿಧಾನದಿಂದ 2004ರಲ್ಲಿ ಮತ್ತೆ ಎಣಿಸಿದಾಗ ಆ ಸಂಖ್ಯೆಯ ಸರಾಸರಿ ಸುಮಾರು 48 ಕೋಟಿಯೆಂದು ತಿಳಿಯಿತು.

ಕ್ರಮವನ್ನು ಸರಳವಾಗಿ ಹೀಗೆ ಹೇಳಬಹುದು. ಶ್ವಾಸಕೋಶವನ್ನು ನಿಶ್ಚಿತ ಒತ್ತಡದಲ್ಲಿ ಹಿಗ್ಗಿಸಿ ರಾಸಾಯನಿಕ ದ್ರವದಿಂದ ಗಡುಸುಗೊಳಿಸುತ್ತಾರೆ. ನೀರಿನಲ್ಲಿ ಮುಳುಗಿಸಿ ಅದರ ಒಟ್ಟು ಗಾತ್ರವನ್ನು ತಿಳಿಯುತ್ತಾರೆ. ಅನಂತರ ನೋಡುವವನ ಇಷ್ಟಕ್ಕೆ ಬಿಡದೆ, ಎಲ್ಲ ಭಾಗಗಳಿಗೂ ಸಮಾನ ಅವಕಾಶ ಸಿಗುವಂತೆ ತುಂಡುಗಳನ್ನು ಆಯ್ದು ತೆಳುಪದರಗಳಾಗಿ ಸೀಳುತ್ತಾರೆ. ಅದರ ಬಿಂಬದ ಮೇಲೆ ರಂಗೋಲಿಯ ಚುಕ್ಕಿಗಳಂತೆ ಸಮ ಅಂತರದ ಚುಕ್ಕಿಗಳ ಜಾಲವನ್ನಿಟ್ಟು, ಎಷ್ಟು ಚುಕ್ಕಿಗಳು ಅಂಗಾಂಶದ ಮೇಲೆ ಬಿದ್ದವು, ಎಷ್ಟು ಗಾಳಿಯ ಮೇಲೆ ಬಿದ್ದವು ಎಂದು ಎಣಿಸುತ್ತಾರೆ. ಗೆರೆಗಳನ್ನು ಇಟ್ಟು ಅವು ಗೂಡಿನ ಗೋಡೆಯನ್ನು ಎಷ್ಟು ಸಲ ದಾಟಿದವೆಂದು ಎಣಿಸಿದರೆ ಉಸಿರಾಟಕ್ಕೆ ದೊರೆಯುವ ಮೇಲ್ಮೈಯ ವಿಸ್ತಾರ ತಿಳಿಯುತ್ತದೆ. ಬೆಳೆಯುತ್ತಿರುವ ಶ್ವಾಸಕೋಶಕ್ಕೆಂದೇ 1960ರಲ್ಲಿ ಎಮೆರಿ ಮತ್ತು ಮಿತ್ತಲ್ ಎಂಬವರು ಇನ್ನೊಂದು ಸರಳ ಎಣಿಕೆಯನ್ನು ತಿಳಿಸಿದರು: ಚಿಕ್ಕ ಶ್ವಾಸನಾಳದ ಮಧ್ಯದಿಂದ ಅಂಚಿನ ಗೋಡೆಯವರೆಗೆ ಲಂಬರೇಖೆಯೊಂದನ್ನು ಎಳೆದು, ಅದು ಎಷ್ಟು ಗೂಡುಗಳನ್ನು ಹಾಯುತ್ತದೆಂದು ನೋಡುವುದು.

ಈ ಎಣಿಕೆಯಲ್ಲಿ ಮೋಸಹೋಗುವ ಮಾರ್ಗಗಳು ಹಲವು. ಕಡಲೆಯೂ ಸಾಸಿವೆಯೂ ಸಮಸಂಖ್ಯೆಯಲ್ಲಿ ಬೆರೆತ ಹಿಟ್ಟಿನ ಮುದ್ದೆಯನ್ನು ಕತ್ತರಿಸಿದರೆ ಚಾಕುವಿಗೆ ಕಡಲೆಯೇ ಹೆಚ್ಚು ಸಿಗುತ್ತದೆ. ಹಾಗೆಯೇ ಒಂದೇ ಸೀಳಿನಲ್ಲಿ ಎಣಿಸಿದರೆ ದೊಡ್ಡ ಗೂಡುಗಳು ಹೆಚ್ಚಾಗಿಯೂ ಚಿಕ್ಕವು ಕಡಿಮೆಯಾಗಿಯೂ ತೋರುತ್ತವೆ. 1984ರಲ್ಲಿ ಸ್ಟೀರಿಯೊ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಲೇಖನವು ಅಕ್ಕಪಕ್ಕದ ಎರಡು ಸೀಳುಗಳನ್ನು ಹೋಲಿಸಿ ಎಣಿಸುವ ವಿಧಾನದಿಂದ ಈ ದೋಷವನ್ನು ನಿವಾರಿಸಿತು. ಇನ್ನೊಂದು ಬಲೆಯೆಂದರೆ ಪ್ರಮಾಣವನ್ನು ಮಾತ್ರ ನೋಡಿ ಒಟ್ಟು ಗಾತ್ರವನ್ನು ಮರೆಯುವುದು. ಅಂಗಾಂಶದ ಪಾಲು ಹೆಚ್ಚಿತೆಂದು ಬರೆದಿದ್ದರೆ, ನಿಜವಾಗಿ ಅಂಗಾಂಶ ಬೆಳೆದಿರಬಹುದು. ಇಲ್ಲವೆ ಶ್ವಾಸಕೋಶ ಸರಿಯಾಗಿ ಹಿಗ್ಗದೆ ಗಾಳಿಯ ಪಾಲು ಕುಗ್ಗಿರಬಹುದು. ಅಮೆರಿಕ ಮತ್ತು ಯೂರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಸೇರಿ 2010ರಲ್ಲಿ ಈ ಅಳತೆಗಳಿಗೆ ಒಂದು ನಿಯಮಾವಳಿಯನ್ನೇ ಹೊರತಂದವು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ತಪ್ಪಾಗಿ ಅಳೆದ ಪರೀಕ್ಷೆಯಲ್ಲಿ ಸತ್ತ ಮರಿಯ ಸಾವು ಸಂಪೂರ್ಣವಾಗಿ ವ್ಯರ್ಥ. ಅದರಿಂದ ಮಗುವಿಗೂ ಪ್ರಯೋಜನವಿಲ್ಲ. ಅದೇ ಪ್ರಶ್ನೆಗಾಗಿ ಮತ್ತೆ ಬೇರೆ ಮರಿಗಳು ಸಾಯಬೇಕು. ಅಗತ್ಯಕ್ಕಿಂತ ಹೆಚ್ಚು ಮರಿಗಳನ್ನು ಬಳಸಿದರೆ ಹೆಚ್ಚುವರಿ ಸಾವುಗಳು ವ್ಯರ್ಥ. ಅಗತ್ಯಕ್ಕಿಂತ ಕಡಿಮೆ ಬಳಸಿದರೆ ನಿರ್ಣಯವೇ ಹೊರಡದೆ ಎಲ್ಲ ಸಾವುಗಳೂ ವ್ಯರ್ಥ. ಆದುದರಿಂದ ಗಣಿತವನ್ನು ಇಲ್ಲಿ ದಯೆಯ ವೈರಿಯೆಂದು ಭಾವಿಸಲಾಗದು. ಗಣಿತವಿಲ್ಲದ ದಯೆ ಈ ಕ್ಷೇತ್ರದಲ್ಲಿ ಕುರುಡು.

ಅರ್ಧ ಅಳತೆಯ ಅಪಾಯ

ಎಲ್ಲ ಪ್ರಾಣಿಗಳ ಶ್ವಾಸಕೋಶವೂ ಒಂದೇ ಕಾಲಕ್ಕೆ ಬೆಳೆಯುವುದಿಲ್ಲ. ಮನುಷ್ಯ ಶಿಶುವಿನಲ್ಲಿ ನಿಜವಾದ ಗಾಳಿಗೂಡುಗಳು ಗರ್ಭದ 36ನೆಯ ವಾರದ ಸುಮಾರಿಗೆ ರೂಪುಗೊಳ್ಳತೊಡಗಿ, ಬಹುಭಾಗ ಹುಟ್ಟಿದ ಮೇಲೆಯೇ ಬೆಳೆಯುತ್ತವೆ. ಕುರಿಮರಿಗೆ ಅವು ಹುಟ್ಟುವ ಮೊದಲೇ ಸಾಕಷ್ಟು ಇರುತ್ತವೆ. ಇಲಿಮರಿಯಾದರೋ ಗಾಳಿಗೂಡುಗಳಿಲ್ಲದೆ, ದೊಡ್ಡ ದೊಡ್ಡ ಚೀಲಗಳಂತಹ ಶ್ವಾಸಕೋಶದೊಡನೆ ಹುಟ್ಟಿ, ಮೊದಲ ಎರಡು ಮೂರು ವಾರಗಳಲ್ಲಿ ಅವನ್ನು ಪಡೆಯುತ್ತದೆ. ಆದುದರಿಂದ ದಿನ ತುಂಬಿ ಹುಟ್ಟಿದ ಇಲಿಮರಿಯು ಶ್ವಾಸಕೋಶದ ಮಟ್ಟಿಗೆ ಅವಧಿಪೂರ್ವ ಮಗುವಿಗೆ ಸಮಾನ.

1985ರಲ್ಲಿ ಅಮೆರಿಕೆಯ ಮಸಾರೊ ಮತ್ತು ಸಂಗಡಿಗರು ನವಜಾತ ಇಲಿಮರಿಗಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡನ್ನು ಕೊಟ್ಟು ಅಳೆದಾಗ, ಗೂಡುಗಳನ್ನು ವಿಂಗಡಿಸುವ ಗೋಡೆಗಳು ಸರಿಯಾಗಿ ಏಳಲಿಲ್ಲವೆಂದೂ, ಗೂಡುಗಳು ಸಂಖ್ಯೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ದೊಡ್ಡವಾದುವೆಂದೂ, ಔಷಧ ನಿಲ್ಲಿಸಿ ಮರಿಗಳು ದೊಡ್ಡವಾದ ಮೇಲೂ ಆ ಕೊರತೆ ತುಂಬಲಿಲ್ಲವೆಂದೂ ಕಂಡುಬಂತು. ಒಂದೇ ಜಾತಿಯ ಔಷಧ. ಹುಟ್ಟುವ ಮೊದಲು ತಾಯಿಗೆ ಅಲ್ಪಕಾಲ ಕೊಟ್ಟರೆ ಮಗುವನ್ನು ಉಳಿಸುತ್ತದೆ, ಹುಟ್ಟಿದ ಮೇಲೆ ಬಹುದಿನ ಕೊಟ್ಟರೆ ಬೆಳವಣಿಗೆಯನ್ನು ತಡೆಯುತ್ತದೆ. ಆದರೂ ಕೃತಕ ಉಸಿರಾಟದ ಯಂತ್ರದಿಂದ ಬೇಗ ಬಿಡಿಸಬಹುದೆಂಬ ಕಾರಣಕ್ಕೆ 1990ರ ದಶಕದಲ್ಲಿ ಅವಧಿಪೂರ್ವ ಶಿಶುಗಳಿಗೆ ಈ ಔಷಧವನ್ನು ವಾರಗಟ್ಟಲೆ ಕೊಡುವ ರೂಢಿ ಬಹಳ ಹಬ್ಬಿತು. ಹಾಗೆ ಔಷಧ ಪಡೆದ ಮಕ್ಕಳಲ್ಲಿ ಮೆದುಳಿನ ಬೆಳವಣಿಗೆಯ ತೊಂದರೆಗಳು ಹೆಚ್ಚಾಗಿರುವುದು ಮುಂದೆ ಬೆಳಕಿಗೆ ಬಂದು, 2002ರಲ್ಲಿ ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು ಇದನ್ನು ವಾಡಿಕೆಯಾಗಿ ಕೊಡಬಾರದೆಂದು ಸಾರಿದವು. ತಾಯಿಗೆ ಮತ್ತೆ ಮತ್ತೆ ಚುಚ್ಚುಮದ್ದು ಕೊಡುವ ವಿಷಯದಲ್ಲಿಯೂ ಕುರಿಮರಿಗಳ ತೂಕ ಇಳಿದುದು ಎಚ್ಚರಿಕೆಯಾಗಿ ಬಂದಿತ್ತು. 2000ದಲ್ಲಿ ಅಮೆರಿಕೆಯ ತಜ್ಞರ ಸಮಾವೇಶವು ಪುನರಾವರ್ತನೆಯನ್ನು ವಾಡಿಕೆ ಮಾಡಬಾರದೆಂದಿತು.

ಮಗು ಯಂತ್ರದಿಂದ ಹೊರಬಂದಿತೆ ಎಂಬ ಒಂದೇ ಅಳತೆಯನ್ನು ನೋಡಿದವರಿಗೆ ಔಷಧ ವರವಾಗಿ ಕಂಡಿತು. ಮರಿಗಳಿಂದ ಬಂದ ಇನ್ನೊಂದು ಅಳತೆ ಆಗಲೇ ಅಚ್ಚಾಗಿ ಕಪಾಟಿನಲ್ಲಿತ್ತು.

ಇಪ್ಪತ್ತೆರಡು ವರ್ಷಗಳ ಮೌನ

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿಯೊಂದಿದೆ. ಲಿಗಿನ್ಸ್ ಮತ್ತು ಹೋವಿಯವರ ಫಲಿತಾಂಶ 1972ರಲ್ಲಿಯೇ ಬಂತಷ್ಟೆ. ಅನಂತರ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷೆಗಳು ನಡೆದವು. ಬಿಡಿಬಿಡಿಯಾಗಿ ನೋಡಿದಾಗ ಕೆಲವು ಅನಿಶ್ಚಿತವೆನಿಸಿದವು. 1990ರಲ್ಲಿ ಪೆಟ್ರಿಷಿಯಾ ಕ್ರೌಲಿ ಮತ್ತು ಸಂಗಡಿಗರು 12 ಪರೀಕ್ಷೆಗಳನ್ನು, 3000ಕ್ಕೂ ಹೆಚ್ಚು ಮಂದಿಯ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ಆದರೂ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಈ ಚಿಕಿತ್ಸೆಯನ್ನು ಅಧಿಕೃತವಾಗಿ ಪುರಸ್ಕರಿಸಿದ್ದು 1994ರಲ್ಲಿ. ಆ ವೇಳೆಗೆ ಅಲ್ಲಿ ಅರ್ಹರಾದ ತಾಯಂದಿರಲ್ಲಿ ಐವರಲ್ಲಿ ಒಬ್ಬರಿಗೂ ಈ ಚುಚ್ಚುಮದ್ದು ಸಿಗುತ್ತಿರಲಿಲ್ಲ. ಬಹು ಬೆಲೆಯ ಔಷಧವೇನೂ ಅಲ್ಲ. ತಿಳಿವಳಿಕೆ ಇತ್ತು, ಔಷಧವಿತ್ತು, ಮಕ್ಕಳು ಸಾಯುತ್ತಿದ್ದರು.

ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವುದಕ್ಕಾಗಿಯೇ 1993ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ಅದರ ಲಾಂಛನದಲ್ಲಿ ಕಾಣುವ ಅಡ್ಡಗೆರೆಗಳು ಬರಿಯ ಅಲಂಕಾರವಲ್ಲ. ಇದೇ ಸ್ಟೆರಾಯ್ಡ್ ಚಿಕಿತ್ಸೆಯ ಏಳು ಪರೀಕ್ಷೆಗಳ ಫಲಿತಾಂಶಗಳನ್ನು ಅಲ್ಲಿ ಚಿತ್ರಿಸಲಾಗಿದೆ. ಕಂಡುದನ್ನು ಕಾಣದಂತೆ ಬಿಟ್ಟ ತಪ್ಪಿಗೆ ಒಂದು ಸಂಸ್ಥೆಯು ತನ್ನ ಹಣೆಯ ಮೇಲೆಯೇ ಹಾಕಿಕೊಂಡ ನೆನಪಿನ ಗುರುತು ಅದು.

ಬೆಳಗಾವಿಯ ಪಾಠ

ಈ ಚರಿತ್ರೆಯ ಮುಂದಿನ ಅಧ್ಯಾಯಗಳಲ್ಲಿ ನಮ್ಮ ನಾಡಿನ ಹೆಸರೂ ಇದೆ. ಬಡ ದೇಶಗಳ ಹಳ್ಳಿಗಳಲ್ಲಿಯೂ ಈ ಚಿಕಿತ್ಸೆಯನ್ನು ಹರಡಿದರೆ ಏನಾಗುತ್ತದೆಂದು ತಿಳಿಯಲು ಆರು ದೇಶಗಳಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ಭಾರತದಿಂದ ಬೆಳಗಾವಿ ಮತ್ತು ನಾಗಪುರ ಪ್ರದೇಶಗಳು ಸೇರಿದ್ದವು. 2015ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು. ತೀರ ಸಣ್ಣ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ನವಜಾತರ ಸಾವು ಪ್ರತಿ 1000 ಜನನಕ್ಕೆ 23.9ರ ಬದಲು 27.4 ಆಯಿತು. ಗರ್ಭದ ದಿನಗಳ ಲೆಕ್ಕ ಖಚಿತವಿಲ್ಲದ ಕಡೆ, ಔಷಧವು ನಿಜವಾಗಿ ಅವಧಿಪೂರ್ವವಲ್ಲದ ಹೆರಿಗೆಗಳಿಗೂ ಸಂದಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಮತ್ತೆ ಬೆಳಗಾವಿಯೂ ಸೇರಿದಂತೆ, 2852 ತಾಯಂದಿರಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಈ ಸಲ ಅಲ್ಟ್ರಾಸೌಂಡಿನಿಂದ ಗರ್ಭದ ವಯಸ್ಸನ್ನು ಖಚಿತಪಡಿಸಿಕೊಂಡಿದ್ದರು. ಮಗುವಿನ ಆರೈಕೆಗೆ ಬೇಕಾದ ವ್ಯವಸ್ಥೆಯೂ ಇತ್ತು. 2020ರಲ್ಲಿ ಬಂದ ಫಲಿತಾಂಶದಂತೆ ನವಜಾತರ ಸಾವು ಶೇಕಡಾ 23.5ರಿಂದ 19.6ಕ್ಕೆ ಇಳಿದಿತ್ತು. ಕುರಿಮರಿಯು ಹೇಳಿದ ಮಾತು ಸುಳ್ಳಾಗಿರಲಿಲ್ಲ. ದಿನಗಳನ್ನು ಖಚಿತವಾಗಿ ಅಳೆದ ಕಡೆ ಅದು ಸತ್ಯವಾಯಿತು, ಅಳೆಯದ ಕಡೆ ಹಾನಿಯಾಯಿತು.

ನಮ್ಮ ವಿವೇಚನೆ

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸರ್ವಥಾ ಬಿಡಬೇಕೆಂದು ಹೇಳುವುದುಂಟು. ಪ್ರಯೋಗಕ್ಕಾಗಿ ಮರಿಯನ್ನು ಕೊಲ್ಲುವಲ್ಲಿ ಸಂಕಲ್ಪವಿದೆ. ಉದ್ದೇಶ ಒಳ್ಳೆಯದೆಂಬ ಕಾರಣದಿಂದ ಅದಕ್ಕೆ ಬೇರೆ ಹೆಸರಿಟ್ಟು ಸಮಾಧಾನಪಟ್ಟುಕೊಳ್ಳುವುದು ಪ್ರಾಮಾಣಿಕತೆಯಲ್ಲ. ಹಾಗೆಂದು, ನಡೆದುಹೋದ ಸಾವುಗಳಿಂದ ಬಂದ ಜ್ಞಾನವನ್ನು ದೂರ ತಳ್ಳುವುದರಿಂದ ಯಾವ ಮರಿಯೂ ಬದುಕಿ ಬರುವುದಿಲ್ಲ; ಮಗುವೊಂದು ಹೆಚ್ಚಾಗಿ ಸಾಯುತ್ತದೆ ಅಷ್ಟೆ. ಈ ಸಂಕಟವನ್ನು ಒಂದು ಲೇಖನದಲ್ಲಿ ಬಗೆಹರಿಸುತ್ತೇನೆಂದು ಹೊರಡುವುದು ದುಡುಕಾದೀತು.

ಆದರೆ ಒಂದು ಮಾತನ್ನು ದೃಢವಾಗಿ ಹೇಳಬಹುದು. ತತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು ಮುಖ್ಯವಾಗಿ ಮುಂದಿಟ್ಟಿದೆ. ಸಾವು ಸಂಭವಿಸಿತೆ ಎಂಬಷ್ಟೇ ಪ್ರಶ್ನೆ ಅಲ್ಲಿಲ್ಲ. ಎಚ್ಚರವಿತ್ತೆ ಎಂಬ ಪ್ರಶ್ನೆಯೂ ಇದೆ. ಈ ದೃಷ್ಟಿಯಿಂದ ಮೇಲಿನ ಚರಿತ್ರೆಯನ್ನು ನೋಡಿದರೆ ಪ್ರಮಾದವು ಎರಡು ಕಡೆ ಕಾಣುತ್ತದೆ. ಒಂದು, ಅಳತೆಯ ಎಚ್ಚರವಿಲ್ಲದೆ ಜೀವ ತೆಗೆಯುವುದು. ಇನ್ನೊಂದು, ಜೀವ ತೆಗೆದು ಪಡೆದ ತಿಳಿವಳಿಕೆಯನ್ನು ಓದದೆ, ಬಳಸದೆ, ಮೂಲೆಗಿಡುವುದು. ನೇರ್ಗಾರ್ಡನ ಬರಹ ಕಾಲು ಶತಮಾನ ಮಲಗಿತು. ಆಕ್ಲೆಂಡಿನ ಫಲ 22 ವರ್ಷ ಕಾದಿತು. ಇಲಿಮರಿಗಳ ಎಚ್ಚರಿಕೆ 17 ವರ್ಷ ತಡವಾಗಿ ಫಲಿಸಿತು. ನೀರನ್ನು ಸೋಸಿ ಕುಡಿಯುವ ನಮ್ಮ ಮನೆಗಳಲ್ಲಿ ಸೋಸುವುದರಿಂದಲೇ ಕರ್ತವ್ಯ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಟ್ಟಾಗಲೇ ಅದು ಪೂರ್ಣ. ಜ್ಞಾನಕ್ಕೂ ಇದೇ ನ್ಯಾಯ. ಬೇಕಾದಲ್ಲಿಗೆ ತಲುಪುವವರೆಗೂ ಕರ್ತವ್ಯ ಮುಗಿಯದು.

ಹೊರಜಗತ್ತಿನಲ್ಲಿಯೂ ಈ ಎಚ್ಚರ ಬೆಳೆಯುತ್ತಿದೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬವರು ಪ್ರಾಣಿಪ್ರಯೋಗಕ್ಕೆ ಮೂರು ನಿಯಮಗಳನ್ನು ಹೇಳಿದರು: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲಿಗೆ ಬೇರೆ ವಿಧಾನ, ಸಂಖ್ಯೆಯಲ್ಲಿ ಕಡಿತ, ನೋವಿನ ಶಮನ. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂತು. ಪ್ರಯೋಗಗಳ ಮೇಲ್ವಿಚಾರಣೆಯ ನಿಯಮಗಳು 1998ರಲ್ಲಿ ರೂಪುಗೊಂಡವು. 2010ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಮಾನವ ಜೀವಕೋಶಗಳಿಂದ ಗಾಳಿಗೂಡಿನ ಗೋಡೆಯನ್ನು ಹೋಲುವ, ಉಸಿರಿನಂತೆ ಹಿಗ್ಗಿ ಕುಗ್ಗುವ ಪುಟ್ಟ ಸಾಧನವೊಂದನ್ನು ನಿರ್ಮಿಸಿ ತೋರಿಸಿದರು. ಬೆಳೆಯುತ್ತಿರುವ ಇಡೀ ಶ್ವಾಸಕೋಶಕ್ಕೆ ಅದು ಇನ್ನೂ ಬದಲಿಯಲ್ಲ. ಆದರೆ ದಾರಿ ತೆರೆದಿದೆ.

ಕುಟುಂಬಗಳಿಗೆ ಒಂದು ವಿಷಯವನ್ನು ಮರೆಮಾಚದೆ ತಿಳಿಸಬೇಕು. ಅವಧಿಪೂರ್ವ ಶಿಶುವಿನ ಶ್ವಾಸನಾಳಕ್ಕೆ ಹಾಕುವ ಸರ್ಫ್ಯಾಕ್ಟಂಟ್ ಔಷಧವನ್ನು 1980ರಲ್ಲಿ ಜಪಾನಿನ ಫುಜಿವಾರಾ ಮೊದಲ ಬಾರಿಗೆ ಹತ್ತು ಶಿಶುಗಳಲ್ಲಿ ಸಫಲವಾಗಿ ಬಳಸಿದ್ದು ದನದ ಶ್ವಾಸಕೋಶದ ಸಾರದಿಂದ. ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಮುಖ್ಯ ಔಷಧಗಳು ದನ ಅಥವಾ ಹಂದಿಯ ಶ್ವಾಸಕೋಶದಿಂದಲೇ ತಯಾರಾಗುತ್ತವೆ. ಕೃತಕವಾಗಿ ತಯಾರಿಸಿದ ಔಷಧಗಳು ಬಂದರೂ ಮಾರುಕಟ್ಟೆಯಲ್ಲಿ ನೆಲೆನಿಲ್ಲಲಿಲ್ಲ. ಹೆರಿಗೆಗೆ ಮುಂಚೆ ಸಕಾಲದಲ್ಲಿ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ದೊರೆತರೆ ಎಷ್ಟೋ ಶಿಶುಗಳಿಗೆ ಈ ಔಷಧದ ಅಗತ್ಯವೇ ಬೀಳದು. ಅದಕ್ಕೆ ಬೇಕಾದುದು ಗರ್ಭಿಣಿಯ ದಿನಗಳ ಖಚಿತ ಲೆಕ್ಕ, ಕಾಲಕ್ಕೆ ಸರಿಯಾದ ಪರೀಕ್ಷೆ, ನೋವಿನ ಮೊದಲ ಸೂಚನೆಯಲ್ಲಿಯೇ ಸುಸಜ್ಜಿತ ಆಸ್ಪತ್ರೆಗೆ ಹೋಗುವ ಜಾಗರೂಕತೆ. ಮನೆಯ ಹಿರಿಯರ ಈ ಎಚ್ಚರದಿಂದ ಮಗುವೂ ಉಳಿಯಬಹುದು, ಕಸಾಯಿಖಾನೆಯ ವಸ್ತುವಿನ ಅಗತ್ಯವೂ ತಪ್ಪಬಹುದು. ಎಚ್ಚರ ಮೀರಿಯೂ ಆ ಘಳಿಗೆ ಬಂದರೆ, ಮಗು ಉಸಿರಿಗಾಗಿ ಹೆಣಗುತ್ತಿರುವಾಗ ಚರ್ಚೆಗೆ ಕೂರುವುದು ತರವಲ್ಲ. ಅದನ್ನು ಮುಂಚೆಯೇ ಯೋಚಿಸಿಟ್ಟುಕೊಂಡಿರಬೇಕು.

ಬಸದಿಗಳ ಟ್ರಸ್ಟುಗಳು ಔಷಧದಾನದ ಪರಂಪರೆಯನ್ನು ಅನುಸರಿಸಿ ಆಸ್ಪತ್ರೆಗಳಿಗೂ ವೈದ್ಯಕೀಯ ಕಾಲೇಜುಗಳಿಗೂ ಉದಾರವಾಗಿ ಕೊಡುತ್ತ ಬಂದಿವೆ. ಸಂಶೋಧನೆಗೆಂದು ಧನಸಹಾಯ ಕೇಳಿ ಬಂದವರ ಮುಂದೆ ಮೂರು ಪ್ರಶ್ನೆಗಳನ್ನು ಇಡುವ ಅಧಿಕಾರ ದಾನಿಗಳಿಗಿದೆ. ಈ ಪ್ರಶ್ನೆಗೆ ಹಿಂದೆಯೇ ಉತ್ತರ ದೊರೆತಿದೆಯೆ ಎಂದು ಎಲ್ಲ ಬರಹಗಳನ್ನೂ ಒಟ್ಟುಗೂಡಿಸಿ ನೋಡಿದ್ದೀರಾ? ಪ್ರಾಣಿಗಳು ಅನಿವಾರ್ಯವೆನ್ನುವುದಾದರೆ, ಎಷ್ಟು ಎಂಬುದನ್ನೂ ಹೇಗೆ ಅಳೆಯುತ್ತೀರಿ ಎಂಬುದನ್ನೂ ಮೊದಲೇ ನಿಶ್ಚಯಿಸಿದ್ದೀರಾ? ಬಂದ ಫಲ ಏನೇ ಆಗಿರಲಿ, ಅದನ್ನು ಪ್ರಕಟಿಸಿ ರೋಗಿಯ ಹಾಸಿಗೆಯವರೆಗೆ ತಲುಪಿಸುತ್ತೀರಾ? ಪ್ರಾಣಿಗಳನ್ನು ಬಳಸದ ವಿಧಾನಗಳಿಗೆಂದೇ ಒಂದಷ್ಟು ಹಣವನ್ನು ತೆಗೆದಿಡುವುದು ಅಭಯದಾನವೂ ಆದೀತು.

ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ನಡೆಯುವುದನ್ನು ಅವರು ನಿಲ್ಲಿಸಲಿಲ್ಲ. ನೋಡದೆ ನಡೆಯುವುದನ್ನು ನಿಲ್ಲಿಸಿದರು. ವಿಜ್ಞಾನವು ನಡೆಯಲೇಬೇಕಾದ ದಾರಿಯಲ್ಲಿ ಅಂತಹ ನೋಟಕ್ಕೆ ಅಳತೆಯೆಂದು ಹೆಸರು. ಆಕ್ಲೆಂಡಿನ ಆ ಮರಿ ಒಂದು ಬೆಳಗಿನವರೆಗೆ ಉಸಿರಾಡಿ ಹೋಯಿತು. ಆ ಉಸಿರಿನ ಋಣವನ್ನು ತೀರಿಸಲು ನಮಗೆ ಇರುವ ದಾರಿ, ಅದು ತಿಳಿಸಿದುದನ್ನು ಪ್ರಮಾದದಿಂದ ಮರೆಯದಿರುವುದು ಮತ್ತು ಅದಕ್ಕಾಗಿ ಇನ್ನೊಂದು ಮರಿಯು ವ್ಯರ್ಥವಾಗಿ ಸಾಯದಂತೆ ನೋಡಿಕೊಳ್ಳುವುದು.